ಕೆಂಪು ಬಾಳೆಯ ತಂಪು

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿ ಮನಸ್ಸೂ ಸಿಡಿಮಿಡಿಗೊಂಡಾಗ ಕಮಲಾಪುರದ ಬಾಳೆ ತೋಟಕ್ಕೆ ಹೋಗಬೇಕು. ಅಗಲ ಎಲೆಗಳು ನೆರಳು ಹಾಸಿ, ನೀರಾವಿ ಬಿಟ್ಟು ಗಾಳಿಯನ್ನು ತಂಪಾಗಿಸುತ್ತವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ಕೆಂಪು ಬಾಳೆಗೆ ಅವಸರ ಗೊತ್ತಿಲ್ಲ. ಬೇರೆ ತಳಿಗಳು ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಇದು ಸುಮಾರು 18 ತಿಂಗಳು ಕಾಯಿಸುತ್ತದೆ. ಆ ಕಾಯುವಿಕೆಯೇ ಮದ್ದು. ಮರಿಕಂದು ತೆಗೆಯುತ್ತ, ಒಣಗಿದ ಎಲೆ ಸವರುತ್ತ, ಮಡಿಗೆ ನೀರು ಹಾಯಿಸುತ್ತ ಕೈ ದಣಿದರೆ ತಲೆಯ ಚಿಂತೆ ಸಡಿಲಾಗುತ್ತದೆ. ಹಸಿರನ್ನು ನೋಡುವುದೂ ಹಿತವೇ: ಕಿಟಕಿಯಲ್ಲಿ ಮರ ಕಾಣುತ್ತಿದ್ದ ರೋಗಿಗಳು ಶಸ್ತ್ರಚಿಕಿತ್ಸೆಯ ನಂತರ ಬೇಗ ಮನೆ ಸೇರಿದರೆಂದು ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲೇ ವರದಿ ಮಾಡಿದ್ದರು. ತೋಟವಿಲ್ಲದ ನಗರದವರಿಗೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆಯ ನಡಿಗೆ, ಮಾಳಿಗೆಯ ಮೇಲೆ ನಾಲ್ಕು ಕುಂಡ ಇದ್ದರೂ ಸಾಕು.