ವಿಮರ್ಶಕನ ಕಣ್ಣು

ಗಾಂಧೀಜಿಯವರ ‘ಸರ್ವೋದಯ’ಕ್ಕೆ ಮೂಲವಾದ ಪುಸ್ತಕವನ್ನು ಬರೆದ ಜಾನ್ ರಸ್ಕಿನ್ ಮೊದಲು ಹೆಸರಾದದ್ದು ಕಲಾವಿಮರ್ಶಕನೆಂದು. 1877ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಅಮೆರಿಕದ ವಿಸ್ಲರ್ ಬರೆದ ಚಿತ್ರವೊಂದು ಅವನ ಕಣ್ಣಿಗೆ ಬಿತ್ತು: ಇರುಳ ಕತ್ತಲು, ಅದರಲ್ಲಿ ಉದುರುವ ಬಾಣಬಿರುಸಿನ ಕಿಡಿಗಳು. ಬೆಲೆ 200 ಗಿನಿ. ಇಷ್ಟು ಕೇಳುವುದು ಸೊಕ್ಕೆಂದು ರಸ್ಕಿನ್ ಕಟುವಾಗಿ ಬರೆದ. ಚಿತ್ರಕಾರ ಮಾನನಷ್ಟದ ದಾವೆ ಹೂಡಿದ.

1878ರ ವಿಚಾರಣೆಯಲ್ಲಿ ರಸ್ಕಿನ್ನನ ಪರ ವಕೀಲರು ಕೇಳಿದರು: ಎರಡು ದಿನದ ಕೆಲಸಕ್ಕೆ ಇಷ್ಟು ಹಣವೆ? ಅಲ್ಲ, ಜೀವಮಾನದ ಅರಿವಿಗೆ ಎಂಬುದು ವಿಸ್ಲರನ ಉತ್ತರದ ಸಾರ. ಗೆದ್ದವನಿಗೆ ದೊರೆತ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ; ಮರುವರ್ಷ ಅವನು ದಿವಾಳಿಯಾದ.

ಚಿತ್ರದ ಗುಣದೋಷ ಹೇಳಲು ಚಿತ್ರಕಾರನಿಗಷ್ಟೇ ಅಧಿಕಾರವೆಂದು ವಿಸ್ಲರ್ ಆಮೇಲೆ ವಾದಿಸಿದ. ಇದು ಒಪ್ಪತಕ್ಕ ಮಾತಲ್ಲ. ಅಡಿಗೆಯ ರುಚಿ ಹೇಳಲು ಉಂಡವನು ಬಾಣಸಿಗನಾಗಿರಬೇಕೆ? ಹಲವರು ಗೇಲಿ ಮಾಡಿದ ಟರ್ನರನ ಹಿರಿಮೆಯನ್ನು 1843ರಲ್ಲಿ ಲೋಕಕ್ಕೆ ಸಾರಿದವನು ಇದೇ ರಸ್ಕಿನ್ನನೆಂಬುದನ್ನು ಮರೆಯಬಾರದು. ಟರ್ನರನ ಮಂಜಿನೊಳಗೆ ಬೆಳಕನ್ನು ಕಂಡ ಕಣ್ಣು ವಿಸ್ಲರನ ಕತ್ತಲೆಯ ಮುಂದೆ ಬೆಲೆಯನ್ನೂ ಶ್ರಮವನ್ನೂ ಎಣಿಸುತ್ತ ನಿಂತಿತು. ವಿಮರ್ಶಕನಿಗೆ ಅಧಿಕಾರ ಉಂಟು. ಆದರೆ ಹಳೆಯ ಚಿತ್ರದಲ್ಲಿ ಗಳಿಸಿದ ಅಧಿಕಾರ ಹೊಸ ಚಿತ್ರಕ್ಕೆ ಸಲ್ಲದು. ಅದನ್ನು ಅವನು ಮತ್ತೆ ನೋಡಿಯೇ ಗಳಿಸಬೇಕು.