ದಂಡೋತಿ ದಾಟಿದವರ ಡೈರಿ

ಕೆಲಸದ ಮೇಲೆ ಊರೂರು ಸುತ್ತುವವರು ಬರೆಯುವ ಟಿಪ್ಪಣಿಗಳೂ ನಮ್ಮಲ್ಲಿ ಒಂದು ಸಾಹಿತ್ಯವಾಗಿಬಿಟ್ಟಿವೆ. ಪರೀಕ್ಷೆ ಡ್ಯೂಟಿ, ಜನಗಣತಿ, ತರಬೇತಿ ಅಂತ ಹೋದವರು ಎರಡು ದಿನ ಲಾಡ್ಜಿನಲ್ಲಿದ್ದು ಬಂದು ಇಡೀ ಊರಿನ ಮೇಲೆ ತೀರ್ಪು ಕೊಡುತ್ತಾರೆ. ಈ ಬರಹವನ್ನು ಯಾರೂ ವಿಮರ್ಶೆಗೆ ಹಚ್ಚುವುದಿಲ್ಲ. ಹಚ್ಚಬೇಕು. ಬೇರೆಯವರದ್ದೇಕೆ, ನಮ್ಮ ಹಳೆಯ ಡೈರಿಯಿಂದಲೇ ಶುರು ಮಾಡೋಣ.

ಅದರಲ್ಲಿ ಹೀಗಿದೆ: ಶಹಾಬಾದ, ಬರೀ ಕಲ್ಲು. ವಾಡಿ, ಸಿಮೆಂಟ್ ಧೂಳು, ರೈಲು ಬದಲಿಸುವ ಜಾಗ. ಸೇಡಂ, ಕೆಂಡದಂಥ ಬಿಸಿಲು. ಚಿತ್ತಾಪುರ, ಏನೂ ಇಲ್ಲ. ಚಿಂಚೋಳಿ, ಕಾಡು ಚೆನ್ನಾಗಿದೆ. ದಂಡೋತಿ, ಕಾಗಿಣಾ ಬಂದು ಸೇತುವೆ ಮುಳುಗಿತು, ಅರ್ಧ ದಿನ ಹಾಳು.

ಆರು ಊರು. ಒಬ್ಬ ಮನುಷ್ಯನೂ ಇಲ್ಲ.

ಬರೀ ಕಲ್ಲು ಎಂದು ಬರೆದಾಗ ನಾವು ಕೂತದ್ದು ಶಹಾಬಾದಿ ಫರಸಿಯ ಮೇಲೆಯೇ. ನಾಡಿನ ಎಷ್ಟು ಮನೆ, ಶಾಲೆ, ಗುಡಿಗಳ ನೆಲ ಅದು! ಖಣಿಯಿಂದ ಅದನ್ನು ಪದರು ಪದರಾಗಿ ಎಬ್ಬಿಸಿದ ಕೈ ಯಾವುದು, ಅದಕ್ಕೆ ಕೂಲಿ ಎಷ್ಟು, ಆ ಕಲ್ಲು ಹಾಸಿದ ಗುಡಿಯೊಳಗೆ ಅವನಿಗೆ ಪ್ರವೇಶ ಉಂಟೋ ಇಲ್ಲವೋ, ನಾವು ಕೇಳಲಿಲ್ಲ. ವಾಡಿಯಲ್ಲಿ ನಮ್ಮ ಮೂಗಿಗೆ ಎರಡು ತಾಸು ಬಡಿದ ಧೂಳು ಬರೆದೆವು. ಹುಟ್ಟಿದಾಗಿನಿಂದ ಅದರಲ್ಲೇ ಉಸಿರಾಡುವವರನ್ನು ಬಿಟ್ಟೆವು.

ಚಿತ್ತಾಪುರದಲ್ಲಿ ಏನೂ ಇಲ್ಲವಂತೆ! ಆ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿ ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವೇ ನೆಲದೊಳಗಿತ್ತು. ಏನೂ ಇಲ್ಲ ಅನ್ನುವವನು ಪೀಠವನ್ನಷ್ಟೇ ನೋಡುತ್ತಾನೆ, ಅದರಡಿಯ ಅಕ್ಷರ ನೋಡುವುದಿಲ್ಲ.

ಸೇಡಂ ತಾಲೂಕಿನ ಮಳಖೇಡಕ್ಕೆ ಪಂಡಿತರು ಹೋಗುತ್ತಾರೆ. ಹಾಳುಬಿದ್ದ ಕೋಟೆ ನೋಡಿ ರಾಷ್ಟ್ರಕೂಟರಿಗಾಗಿ ಕಣ್ಣೀರು ಹಾಕುತ್ತಾರೆ. ಒಂಬತ್ತನೇ ಶತಮಾನದಲ್ಲಿ ಆ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ ಓದುಬರಹವಿಲ್ಲದ ಜನಕ್ಕೂ ಕಾವ್ಯಬುದ್ಧಿ ಉಂಟೆಂದು ಮೆಚ್ಚಿಕೊಂಡಿತು. ಅದೇ ಮಣ್ಣಿನ ಜನರನ್ನು ಇವರು ಹಿಂದುಳಿದವರು ಎಂದು ಬರೆದು ಬಸ್ ಹತ್ತುತ್ತಾರೆ.

ಈ ಬರಹದಿಂದ ಆಗುವ ನಷ್ಟ ಕಾಗದದ ಮೇಲಷ್ಟೇ ಅಲ್ಲ. ಈ ಸೀಮೆ 1948ರ ತನಕ ನಿಜಾಮನ ಕೈಲಿತ್ತು, 1956ರಲ್ಲಿ ಕನ್ನಡನಾಡಿಗೆ ಸೇರಿತು. 371(ಜೆ) ತಿದ್ದುಪಡಿಗೆ ಸಂಸತ್ತು ಒಪ್ಪಲು 2012 ಬೇಕಾಯಿತು. ಇಷ್ಟು ಕಾಲವೂ ‘ಬಿಸಿಲು, ಧೂಳು, ಏನೂ ಇಲ್ಲ’ ಎಂಬ ಮಾತು ಕಛೇರಿಯಿಂದ ಕಛೇರಿಗೆ ನಡೆಯಿತು. ಇತ್ತಕಡೆ ವರ್ಗ ಎಂದರೆ ಶಿಕ್ಷೆ ಎಂದಾಯಿತು. ಆರ್ಡರ್ ಕೈಗೆ ಬಂದ ದಿನವೇ ಮೇಷ್ಟ್ರು ರದ್ದು ಮಾಡಿಸಲು ಓಡಿದರೆ, ತಾಂಡಾದ ಮಕ್ಕಳು, ಕೇರಿಯ ಮಕ್ಕಳು ಖಾಲಿ ಕುರ್ಚಿಯ ಮುಂದೆ ಕೂರುತ್ತಾರೆ. ನಮ್ಮ ಡೈರಿಯ ಸಾಲುಗಳಿಗೂ ಆ ಖಾಲಿ ಕುರ್ಚಿಗೂ ನಂಟಿದೆ.

ಹಾಗಂತ ಹೊಗಳಿ ಬರೆಯಿರಿ ಎನ್ನುತ್ತಿಲ್ಲ. ‘ಕಾಡು ಚೆನ್ನಾಗಿದೆ’ ಎಂಬುದೂ ಅದೇ ಕುರುಡು. ಆ ಕಾಡಿನ ಅಂಚಿನ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಗುಳೆ ಹೋಗುವವರು ಅದರಲ್ಲೂ ಇಲ್ಲ.

ದಂಡೋತಿಯ ಆ ಅರ್ಧ ದಿನ ನಾವು ಗೊಣಗುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಮುದುಕಿ ಅಂದಿದ್ದಳು: “ನಿಮ್ದು ಒಂದಿನ ಹೋಯ್ತ್ರಿ. ನಮ್ದು ವರ್ಷಾ ಹಿಂಗೇ ಅದ.” ಕೇಳಿಸಿತ್ತು. ಬರೆಯಲಿಲ್ಲ.

ಆ ಊರುಗಳಲ್ಲಿ ಪಾಠ ಹೇಳುವ, ಓದುವ ಗೆಳೆಯರೆ, ಇನ್ನು ನೀವು ಬರೆಯಿರಿ. ನಿಮ್ಮೂರಿನ ಬಗ್ಗೆ ಬರೆಯಿರಿ. ಬಂದು ಹೋದ ನಮ್ಮಂಥವರ ಬಗ್ಗೆಯೂ ಬರೆಯಿರಿ.