ಕಚೇರಿಯ ಜಾನಪದ ಮತ್ತು ವಕ್ತೃವಿನ ಹೆಸರು

ಕನ್ನಡ ಜಾನಪದ ಅಧ್ಯಯನಕ್ಕೂ ಸರ್ಕಾರಿ ನೌಕರವರ್ಗಕ್ಕೂ ಇರುವ ನಂಟು ಹಳೆಯದು. ಹಾಡು, ಕಥೆ, ಗಾದೆಗಳನ್ನು ಸಂಗ್ರಹಿಸಿದವರಲ್ಲಿ ಶಾಲಾ ಶಿಕ್ಷಕರು, ಗುಮಾಸ್ತರು, ಆಡಳಿತಾಧಿಕಾರಿಗಳು ಅನೇಕರಿದ್ದಾರೆ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು (1915–2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನೆಲೆಗೊಳಿಸಿದ್ದು ಇದಕ್ಕೆ ಹಿರಿಯ ನಿದರ್ಶನ. ಆದರೆ ಈ ನಂಟು ಏಕಮುಖವಾಗಿಯೇ ಉಳಿಯಿತು. ನೌಕರನು ಸಂಗ್ರಾಹಕನಾಗಿ ಮಾನ್ಯನಾದನೇ ಹೊರತು ಆತನಿಗೂ ಒಂದು ಜಾನಪದವಿದೆಯೆಂಬ ವಿಚಾರ ವಿದ್ವಾಂಸರನ್ನು ಅಷ್ಟಾಗಿ ಕಾಡಲಿಲ್ಲ. ಇಂದು ಆ ಜಾನಪದವು ಮೊಬೈಲ್ ಬಳಗಗಳಲ್ಲಿ ದಿನನಿತ್ಯ ಹುಟ್ಟಿ ಅಳಿಯುತ್ತಿದೆ. ಅದನ್ನು ಸಂಗ್ರಹಿಸಲು ಹೊರಟಾಗ ಈ ಶಿಸ್ತಿನ ಒಂದು ಮೂಲಭೂತ ನಿಯಮವನ್ನೇ ಮರುಪರಿಶೀಲಿಸಬೇಕಾಗುತ್ತದೆ ಎಂಬುದು ಇಲ್ಲಿನ ವಾದ.

ಪಾಶ್ಚಾತ್ಯ ವಿದ್ವಾಂಸರಿಗೆ ಕಚೇರಿಯ ಜಾನಪದ ಹೊಸತಲ್ಲ. ಅಮೆರಿಕದ ಅಲನ್ ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ 1975ರಲ್ಲಿ ಪ್ರಕಟಿಸಿದ ‘ಅರ್ಬನ್ ಫೋಕ್‌ಲೋರ್ ಫ್ರಮ್ ದ ಪೇಪರ್‌ವರ್ಕ್ ಎಂಪೈರ್’ ಎಂಬ ಗ್ರಂಥವು, ಕಚೇರಿಗಳಲ್ಲಿ ನಕಲು ಯಂತ್ರದ ಮೂಲಕ ಕೈಯಿಂದ ಕೈಗೆ ಹರಿದಾಡುತ್ತಿದ್ದ ಅಣಕು ಸುತ್ತೋಲೆ, ವ್ಯಂಗ್ಯಚಿತ್ರ, ಹಾಸ್ಯಪಟ್ಟಿಗಳನ್ನು ಜಾನಪದವೆಂದು ಸಾಧಿಸಿತು. ಅವುಗಳಿಗೆ ಕರ್ತೃವಿಲ್ಲ, ಪಾಠಾಂತರಗಳಿವೆ, ಪ್ರಸರಣವಿದೆ. ಜಾನಪದವೆನಿಸಿಕೊಳ್ಳಲು ಬಾಯಿಮಾತೇ ಆಗಬೇಕೆಂಬ ನಂಬಿಕೆಯನ್ನು ಈ ಗ್ರಂಥ ಅಲುಗಿಸಿತು. ಕನ್ನಡದ ಸಂದರ್ಭಕ್ಕೆ ಇದನ್ನು ಅನ್ವಯಿಸುವ ಮುನ್ನ ನೌಕರನು ಇಲ್ಲಿ ಎಂಥ ಸಮುದಾಯಕ್ಕೆ ಸೇರಿದವನೆಂಬುದನ್ನು ಗಮನಿಸಬೇಕು.

ಮರಳವಾಡಿಯನ್ನೇ ಉದಾಹರಣೆಯಾಗಿ ನೋಡಬಹುದು. ಹಿಂದೆ ಕನಕಪುರ ತಾಲ್ಲೂಕಿಗೂ ಈಗ ಹಾರೋಹಳ್ಳಿ ತಾಲ್ಲೂಕಿಗೂ ಸೇರಿದ ಹೋಬಳಿ ಇದು. ಇದನ್ನೊಳಗೊಂಡ ರಾಮನಗರ ಜಿಲ್ಲೆ 2007ರಲ್ಲಿ ರಚನೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆಯಿತು. ಹೋಬಳಿಯೆಂಬುದು ಆಡಳಿತವು ಹಳ್ಳಿಗೆ ಮುಖಾಮುಖಿಯಾಗುವ ಹಂತ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬರುವವರೆಗೆ ಶಾನುಭೋಗ, ಪಟೇಲರ ಅಧಿಕಾರ ವಂಶಪಾರಂಪರ್ಯವಾಗಿತ್ತು. ಅವರ ಬಳಗವೆಂದರೆ ಊರು, ನೆಂಟಸ್ತಿಕೆ, ದೇವಸ್ಥಾನ. ಅವರ ನಂತರ ಬಂದ ಗ್ರಾಮಲೆಕ್ಕಿಗ, ಅಂದರೆ ಇಂದಿನ ಗ್ರಾಮ ಆಡಳಿತ ಅಧಿಕಾರಿ, ವರ್ಗಾವಣೆಗೆ ಒಳಪಟ್ಟವನು. ಶಿಕ್ಷಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಪಾಡೂ ಅದೇ. ಕೆಲಸ ಮಾಡುವ ಊರು ಸ್ವಂತದ್ದಲ್ಲ, ಸ್ವಂತ ಊರಿನಲ್ಲಿ ಕೆಲಸವಿಲ್ಲ. ಊರು ಕೊಡದ ಬಳಗವನ್ನು ಇಂಥವರಿಗೆ ಮೊಬೈಲ್ ಒದಗಿಸಿದೆ.

ಈ ಬಳಗಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದಾಗಿದೆ. ಮೊದಲನೆಯದು ಮೇಲಧಿಕಾರಿಯೂ ಇರುವ ಅಧಿಕೃತ ಬಳಗ. ಇಲ್ಲಿ ಆದೇಶ, ಗಡುವು, ಸ್ಥಳದಿಂದ ತೆಗೆದ ಛಾಯಾಚಿತ್ರ, ‘ಸರಿ ಸಾರ್’ ಎಂಬ ಸಾಲುಸಾಲು ಒಪ್ಪಿಗೆ. ಇದನ್ನು ಸಹಕಾರದ ಸಾಧನವೆಂದು ಬಣ್ಣಿಸುವುದು ವಾಡಿಕೆ. ಆದರೆ ಹಲವು ಮೊಬೈಲ್ ಆ್ಯಪ್‌ಗಳ ಮೂಲಕ ಹೇರಲಾದ ಕೆಲಸದೊತ್ತಡವನ್ನು ಪ್ರತಿಭಟಿಸಿ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದನ್ನು ನೆನೆದರೆ, ಈ ಸಾಧನ ಯಾರಿಗೆ ಅನುಕೂಲ, ಯಾರಿಗೆ ಹೊರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಎರಡನೆಯದು ಸಮಾನರ ಬಳಗ. ತುಟ್ಟಿಭತ್ಯೆಯ ಆದೇಶ, ನಿವೃತ್ತರಿಗೆ ಹಾರೈಕೆ, ಸಾವಿನ ಸುದ್ದಿ, ಚುನಾವಣಾ ಕರ್ತವ್ಯದ ಹಾಸ್ಯ ಇಲ್ಲಿನ ಸರಕು. ಇವುಗಳ ನಡುವೆ ವಿಶೇಷವಾಗಿ ಗಮನ ಸೆಳೆಯುವುದು ಪರಸ್ಪರ ವರ್ಗಾವಣೆಯ ಕೋರಿಕೆ. ಈಗಿರುವ ಸ್ಥಳ, ಬೇಕಾದ ಸ್ಥಳ, ಹುದ್ದೆ, ವಿಷಯ, ಸೇವಾವಧಿ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ವಧೂವರರ ಅನ್ವೇಷಣೆಯ ಸೂತ್ರಬದ್ಧತೆ ಅದಕ್ಕಿದೆ. ಜೋಡಿ ಕೂಡದೆ ಕಾರ್ಯ ಕೂಡಿಬರದೆಂಬ ನಿಯಮವೂ ಅದೇ. ಹಿಂದೆ ಮದುವೆಮನೆಯಲ್ಲೋ ತರಬೇತಿ ಶಿಬಿರದಲ್ಲೋ ನಡೆಯುತ್ತಿದ್ದ ಈ ವಿಚಾರಣೆ ಈಗ ಅಪರಿಚಿತರ ನಡುವೆ ನಡೆಯುತ್ತದೆ. ವೃತ್ತಿಜೀವನದ ಸಂಪರ್ಕಜಾಲವೆಂಬ ಮಾತಿಗೆ ಹೋಬಳಿ ಮಟ್ಟದಲ್ಲಿರುವ ನಿಜವಾದ ಅರ್ಥ ಇದು: ಪದೋನ್ನತಿಗಿಂತ ಮೊದಲು ಮನೆಯವರ ಬಳಿಗೆ ಮರಳುವ ಹಂಬಲ.

ಡಂಡೆಸ್ ಮತ್ತು ಪ್ಯಾಗ್ಟರ್ ಅವರ ಮಾದರಿ ಸಾಲದೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ನಕಲು ಹಾಳೆಯನ್ನು ಯಾರು ಮೇಜಿನ ಮೇಲಿಟ್ಟರೆಂದು ಹೇಳುವುದು ಕಷ್ಟವಿತ್ತು. ಮೊಬೈಲ್ ಸಂದೇಶಕ್ಕೆ ಕಳಿಸಿದವನ ಸಂಖ್ಯೆ ಅಂಟಿಕೊಂಡೇ ಇರುತ್ತದೆ. ಒಂದು ಸ್ಕ್ರೀನ್‌ಶಾಟ್ ಸಾಕು, ಸಮಾನರ ಬಳಗದ ಮಾತು ಅಧಿಕೃತ ಬಳಗವನ್ನು ತಲುಪುತ್ತದೆ. ವಾಟ್ಸ್‌ಆ್ಯಪ್ 2018ರಲ್ಲಿ ತಂದ ‘ಫಾರ್ವರ್ಡೆಡ್’ ಎಂಬ ಗುರುತಿಗೆ ಈ ಹಿನ್ನೆಲೆಯಲ್ಲಿ ಹೊಸ ಅರ್ಥ ಬರುತ್ತದೆ. ‘ಹಿಂದಿನವರು ಹೇಳ್ತಿದ್ರು’ ಎಂದು ಕಥೆಗಾರ್ತಿ ಹೊಣೆಯನ್ನು ಪರಂಪರೆಗೆ ಒಪ್ಪಿಸುವಂತೆ, ‘ಬಂದದ್ದನ್ನು ಕಳಿಸಿದೆ’ ಎಂದು ನೌಕರನು ಆ ಗುರುತಿನ ಮರೆಯಲ್ಲಿ ನಿಲ್ಲುತ್ತಾನೆ.

ಈ ಮರೆ ತೆಳುವಾದುದು. 1966ರ ನಡತೆ ನಿಯಮಗಳ ಸ್ಥಾನದಲ್ಲಿ ಬಂದ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳೂ ಸರ್ಕಾರದ ನೀತಿಯ ಪ್ರತಿಕೂಲ ಟೀಕೆಯನ್ನು ನಿರ್ಬಂಧಿಸುತ್ತವೆ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ಸರ್ಕಾರವನ್ನು ಟೀಕಿಸಿದ ಸಾಮಾಜಿಕ ಜಾಲತಾಣದ ಬರಹಕ್ಕಾಗಿ ಅಮಾನತುಗೊಂಡರು. ಸಾರ್ವಜನಿಕ ಬರಹಕ್ಕೂ ಬಳಗದೊಳಗಿನ ನಗೆಮಾತಿಗೂ ಅಂತರವಿದೆ, ನಿಜ. ಆದರೆ ಸಂಶೋಧಕನು ಆ ನಗೆಮಾತನ್ನು ಅಚ್ಚು ಹಾಕಿಸಿದ ಕ್ಷಣವೇ ಆ ಅಂತರ ಅಳಿಯುತ್ತದೆ.

ವಕ್ತೃವಿನ ಹೆಸರು, ವಯಸ್ಸು, ಊರು, ಜಾತಿ, ವೃತ್ತಿಗಳನ್ನು ತಪ್ಪದೆ ದಾಖಲಿಸಬೇಕೆಂದು ಜಾನಪದ ಶಿಸ್ತು ಕಲಿಸುತ್ತ ಬಂದಿದೆ. ಈ ನಿಯಮದ ಹಿಂದೆ ನ್ಯಾಯದ ದೃಷ್ಟಿಯಿದೆ: ಹಾಡಿದವಳು ಅನಾಮಿಕಳಾಗಿ, ಸಂಗ್ರಹಿಸಿದವನು ಪ್ರಸಿದ್ಧನಾಗುವುದನ್ನು ಅದು ತಡೆಯಿತು. ಕಚೇರಿಯ ಜಾನಪದದಲ್ಲಿ ಅದೇ ನ್ಯಾಯವು ವಿರುದ್ಧ ಕ್ರಮವನ್ನು ಬೇಡುತ್ತದೆ. ಇಲ್ಲಿ ಹೆಸರು ಗೌರವ ತಾರದು, ವಿಚಾರಣೆಯ ನೋಟಿಸು ತರಬಹುದು. ಹೋಬಳಿಯಲ್ಲಿ ಒಂದು ಹುದ್ದೆಗೆ ಒಬ್ಬರೇ ಇರುವಾಗ ಹೆಸರು ಬಿಟ್ಟು ಹುದ್ದೆ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ. ಆದ್ದರಿಂದ ಬಳಗದವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದು. ಪಠ್ಯವನ್ನು ಅದರ ಮಾದರಿಯಾಗಿ ಮಾತ್ರ ಪ್ರಕಟಿಸಬೇಕು. ಸಂಖ್ಯೆ, ದಿನಾಂಕ, ಹುದ್ದೆಗಳನ್ನು ಕಳಚಬೇಕು.

ಇದರಿಂದ ದಾಖಲೆಯ ನಿಖರತೆ ಕುಗ್ಗುತ್ತದೆಂಬ ಆಕ್ಷೇಪ ಸಹಜ. ಸಂದರ್ಭವನ್ನು ಕಳೆದುಕೊಂಡ ಪಠ್ಯ ಬಡವಾಗುತ್ತದೆಂಬುದೂ ಸತ್ಯ. ಆದರೆ ವಕ್ತೃವಿನ ಅನ್ನಕ್ಕೆ ಕುತ್ತು ತಂದು ಪಡೆದ ನಿಖರತೆಯನ್ನು ವಿದ್ವತ್ತೆಂದು ಕರೆಯಲಾಗದು. ಜನಪದರ ಮಾತನ್ನು ಕಾಪಾಡುವ ಹೊಣೆ ಹೊತ್ತ ಶಿಸ್ತು, ಆ ಮಾತನ್ನಾಡಿದವರನ್ನೂ ಕಾಪಾಡಬೇಕಾಗುತ್ತದೆ.